ನಿಂತಲ್ಲೇ ನಡುಗುವ ಕಾರು

ದನದ ಡಾಕ್ಟರ ಕೆಲಸದಲ್ಲಿ ಒಂದು ಸುಖವಿದೆ. ರೋಗಿ ಸುಳ್ಳು ಹೇಳುವುದಿಲ್ಲ. ಹೇಳುವುದೇನಿದ್ದರೂ ರೋಗಿಯ ಮಾಲೀಕ. ಬೈಲಹೊಂಗಲದ ಸುತ್ತಮುತ್ತ ಮೂವತ್ತು ವರ್ಷ ಎಮ್ಮೆ, ಎತ್ತು, ಆಡುಗಳ ಹೊಟ್ಟೆಗೆ ಕಿವಿಗೊಟ್ಟವನು ನಾನು. "ನಿನ್ನೆ ಏನ ತಿನಿಸಿದ್ದೆಪಾ?" ಎಂದು ಕೇಳಿದರೆ ಸಾಕು, "ಏನೂ ಇಲ್ರೀ ಸಾಹೇಬ್ರ, ಬರೇ ಜ್ವಾಳದ ಕಣಕಿ" ಎಂಬ ಉತ್ತರ ತಯಾರಿರುತ್ತಿತ್ತು. ಆಮೇಲೆ ನೋಡಿದರೆ ಮದುವೆ ಮನೆಯಲ್ಲಿ ಉಳಿದ ಅರ್ಧ ಹಂಡೆ ಹುಗ್ಗಿ ಎಮ್ಮೆಯ ಹೊಟ್ಟೆಯಲ್ಲಿ ಹುಳಿಯುತ್ತಿರುತ್ತಿತ್ತು. ಇಂಥವರ ಮೇಲೆ ನಾನು ಮಾಡಿಕೊಂಡ ಸಿಟ್ಟಿಗೆ ಮಿತಿಯಿಲ್ಲ. ನಿವೃತ್ತನಾದ ಮೇಲೆ ನಾನೇ ಆ ಸಾಲಿನಲ್ಲಿ ಹೋಗಿ ನಿಂತೆ. ರೋಗಿ ಮಾತ್ರ ಎಮ್ಮೆಯಲ್ಲ, ಕಾರು.

ಕಾರು ಅಂದರೆ ಮನೆಮಂದಿ ಕೂತು ಹೋಗುವ ಕಾರಲ್ಲ. ಎರಡು ಬಾಗಿಲು, ಎರಡೇ ಸೀಟು, ಕಡುನೀಲಿ ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ ಸ್ಪೋರ್ಟ್ಸ್ ಕಾರು. ಇಪ್ಪತ್ತು ವರ್ಷ ಹಳೆಯದು. ಗೋವೆಯಲ್ಲಿ ಯಾರೋ ಮಾರುತ್ತಿದ್ದರು, ನಾನು ನೋಡಿದೆ, ಅಷ್ಟೇ. ಹುಡುಗನಿದ್ದಾಗ ಕ್ಯಾಲೆಂಡರಿನಲ್ಲಿ ಇಂಥದೊಂದು ಕಾರಿನ ಚಿತ್ರ ಕಂಡು ಬಿದ್ದ ಆಸೆ ಅರವತ್ತು ದಾಟಿದ ಮೇಲೂ ಜೀವಂತವಿತ್ತು. ಸಂಪಗಾಂವದ ಪರಿಚಯದ ರೈತರೊಬ್ಬರು ಕಾರನ್ನು ಒಂದು ಸುತ್ತು ಬಂದು, ಒಳಗೆ ಇಣುಕಿ, ನಿಜವಾದ ಮರುಕದಿಂದ ಕೇಳಿದರು: "ಹಿಂದಿನ ಸೀಟ ಯಾರ ಬಿಚಗೊಂಡ ಹೋದ್ರೀ ಡಾಕ್ಟರ್ರ?"

ಮೊದಲ ವರ್ಷ ಬಂಗಾರದಂತೆ ಓಡಿತು. ಆಮೇಲೆ ಒಂದು ದಿನ ನಡುಕ ಶುರುವಾಯಿತು. ರಸ್ತೆಯಲ್ಲಿ ಓಡುವಾಗ ಏನೂ ಇಲ್ಲ. ಗೇಟಿನ ಮುಂದೆ, ಸಿಗ್ನಲ್ಲಿನಲ್ಲಿ, ಎಲ್ಲಿ ನಿಂತರೆ ಅಲ್ಲಿ ಎಂಜಿನ್ ಚಳಿಜ್ವರ ಬಂದಂತೆ ನಡುಗುವುದು, ಒಮ್ಮೊಮ್ಮೆ ಉಸಿರುಗಟ್ಟಿ ಬಂದ್ ಆಗುವುದು. ಸುಮ್ಮನೆ ನಿಲ್ಲುವುದು ಓಡುವುದಕ್ಕಿಂತ ಕಷ್ಟವೆಂದು ನಿವೃತ್ತನಾದ ಮೇಲೆ ನನಗೂ ತಿಳಿದಿತ್ತು. ಆದರೆ ಕಾರಿಗೆ ಅದನ್ನು ಹೇಳಿ ಸಮಾಧಾನ ಮಾಡಲಾಗುವುದಿಲ್ಲ.

ಕಿತ್ತೂರಿನ ಈರಪ್ಪನ ಗ್ಯಾರೇಜಿಗೆ ಒಯ್ದೆ. ಈರಪ್ಪ ನನಗಿಂತ ನಾಲ್ಕು ವರ್ಷ ಚಿಕ್ಕವನು. ನನ್ನ ಸರಕಾರಿ ಜೀಪಿನ ಕಾಲದಿಂದ ನಮ್ಮ ಸ್ನೇಹ. ಕಡಿಮೆ ಮಾತಿನ, ಅಚ್ಚುಕಟ್ಟಾದ ಮನುಷ್ಯ. ಬಿಚ್ಚಿದ ನಟ್ಟುಗಳನ್ನು ಊಟದ ತಾಟಿನಲ್ಲಿ ಸಾಲಾಗಿ ಜೋಡಿಸಿಟ್ಟುಕೊಳ್ಳುತ್ತಾನೆ. ಬಾನೆಟ್ ಎತ್ತಿ, ಗಾಳಿಯ ಸೆನ್ಸರ್ ಹೊರತೆಗೆದು, ಬೆಳಕಿಗೆ ಹಿಡಿದು ನೋಡಿದ.

ಈ ಸೆನ್ಸರ್ ಬಗ್ಗೆ ಎರಡು ಮಾತು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಕೂದಲೆಳೆಯಂಥ ತಂತಿಯೊಂದು ಕಾದಿರುತ್ತದೆ. ಗಾಳಿ ಬೀಸಿದಷ್ಟೂ ಅದು ತಣ್ಣಗಾಗಲು ನೋಡುತ್ತದೆ. ಆ ತಂಪಿನ ಲೆಕ್ಕದ ಮೇಲೆ ಒಳಗೆ ಎಷ್ಟು ಗಾಳಿ ಹೋಯಿತೆಂದು ಕಾರಿನ ಕಂಪ್ಯೂಟರು ತಿಳಿದುಕೊಂಡು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ನಮ್ಮ ಭಾಷೆಯಲ್ಲಿ ಕಾಯುವುದೆಂದರೆ ಬಿಸಿಯಾಗುವುದೂ ಹೌದು, ದಾರಿ ನೋಡುವುದೂ ಹೌದು, ಕಾವಲಿರುವುದೂ ಹೌದು. ಈ ಮೂರು ಕೆಲಸವನ್ನೂ ಒಟ್ಟಿಗೆ ಮಾಡುವ ವಸ್ತು ಆ ತಂತಿಯೊಂದೇ ಇರಬೇಕು.

"ತಂತಿ ಮ್ಯಾಲ ಎಣ್ಣಿ ಕುಂತೈತ್ರಿ" ಎಂದ ಈರಪ್ಪ. "ನೀವೇನರ ಬಿಚ್ಚಿದ್ರೇನು?"

ನಾನು ಬಿಚ್ಚಿದ್ದೆ. ನಡುಕ ಶುರುವಾಗುವ ಹಿಂದಿನ ವಾರ, ಕಾರಿಗೆ ಹೆಚ್ಚು ಶಕ್ತಿ ಬರುತ್ತದೆಂಬ ಜಾಹೀರಾತು ನಂಬಿ, ಎಣ್ಣೆ ಸವರಿದ ಹೊಸ ನಮೂನೆಯ ಗಾಳಿ ಫಿಲ್ಟರ್ ತರಿಸಿ ನಾನೇ ಕೈಯಾರೆ ಕೂಡಿಸಿದ್ದೆ. ನಡುಕ ಶುರುವಾದದ್ದೇ ತಡ, ಹೆದರಿ ಅದನ್ನು ಕಿತ್ತು, ಹಳೆಯದನ್ನು ಮತ್ತೆ ಹಾಕಿ, ಹೊಸದನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ಗ್ಯಾರೇಜಿನ ಬೆಂಚಿನ ಮೇಲೆ ನಾಲ್ಕು ಜನ ಕೂತು ನನ್ನನ್ನೇ ನೋಡುತ್ತಿದ್ದರು. "ಏ ಇಲ್ಲೋ ಮಾರಾಯಾ, ನಾ ಮುಟ್ಟೇ ಇಲ್ಲ" ಎಂದೆ. ಎಮ್ಮೆಯ ಮಾಲೀಕ ಬರೇ ಕಣಕಿ ಎಂದ ಹಾಗೆ.

ಈರಪ್ಪ ನನ್ನ ಮುಖವನ್ನು ಒಂದು ಕ್ಷಣ ನೋಡಿ, ಮತ್ತೇನೂ ಕೇಳದೆ, ಸ್ಪ್ರೇ ಹೊಡೆದು ತಂತಿಯನ್ನು ಸ್ವಚ್ಛ ಮಾಡಿಕೊಟ್ಟ. ಎರಡು ದಿನ ಪರವಾಗಿಲ್ಲ ಅನಿಸಿತು. ಮೂರನೆಯ ದಿನ ಸವದತ್ತಿಯಲ್ಲಿ ಆ ನಂಬಿಕೆ ಮುರಿಯಿತು.

ರಾಮದುರ್ಗದಲ್ಲಿ ನನ್ನ ಹೆಂಡತಿ ಸುನಂದಾಳ ತಂಗಿಯ ಮಗಳಿಗೆ ಕುಬಸ, ಸೀಮಂತ ಅನ್ನುತ್ತಾರಲ್ಲ ಅದು. ಇಬ್ಬರೂ ಹೊರಟಿದ್ದೆವು. ಸವದತ್ತಿಯ ಒಂದು ಏರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ನಿಲ್ಲಿಸಿದೆ. ಕಾರು ನಡುಗಿತು, ಬಂದ್ ಆಯಿತು, ಹಿಂದಕ್ಕೆ ಸರಿಯತೊಡಗಿತು. ಬ್ರೇಕ್ ತುಳಿದರೆ ಕಲ್ಲು ತುಳಿದ ಹಾಗೆ. ಎಂಜಿನ್ ಇಲ್ಲದೆ ಅದಕ್ಕೆ ಬಲವಿಲ್ಲ. ಬೆನ್ನಿಗೇ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರು. ನಾನು ಎರಡೂ ಕಾಲು ಬ್ರೇಕಿನ ಮೇಲಿಟ್ಟು ಒತ್ತುತ್ತಿದ್ದಾಗ ಸುನಂದಾ ಕೈಬ್ರೇಕನ್ನು ಎರಡೂ ಕೈಯಿಂದ ಎಳೆದಳು. ಕಾರು ನಿಂತಿತು. ಟ್ರ್ಯಾಕ್ಟರಿಗೂ ನಮಗೂ ನಡುವೆ ಒಂದು ಗೇಣು. ಚಾಲಕ ಇಳಿದು ಬಂದು ಗಾಲಿಗೆ ಕಲ್ಲು ಕೊಟ್ಟು, ಬಗ್ಗಿ ನನ್ನನ್ನು ನೋಡಿ, "ಅಜ್ಜಾರ, ಈ ವಯಸ್ಸಿನ್ಯಾಗ ಇಂಥಾ ಗಾಡಿ ನಿಮಗ್ಯಾಕ ಬೇಕಾಗಿತ್ರಿ?" ಎಂದ. ಅಜ್ಜ ಎಂದದ್ದು ತಾಗಿದಷ್ಟು ಜೋರಾಗಿ ಟ್ರ್ಯಾಕ್ಟರು ಗುದ್ದಿದ್ದರೂ ತಾಗುತ್ತಿರಲಿಲ್ಲ.

ಸುನಂದಾ ಸೀರೆ ಸರಿಮಾಡಿಕೊಂಡು ಇಳಿದಳು. "ನಾ ಬಸ್ಸಿಗೆ ಹೋಗತೇನ್ರಿ. ಇದರಾಗ ಇನ್ನ ಕೂಡಂಗಿಲ್ಲ" ಎಂದು ಕುಬಸದ ಬುತ್ತಿ ಹಿಡಿದುಕೊಂಡು ನಡೆದೇಬಿಟ್ಟಳು.

ಹೆದರಿಕೆ ಇಳಿದ ಮೇಲೆ ಸಿಟ್ಟು ಬರುವುದು ಮನುಷ್ಯನ ಜಾತಕ. ಸೆನ್ಸರಿನ ವಯರು ಕಿತ್ತು ಎಂಜಿನ್ ಚಾಲೂ ಮಾಡಿದೆ. ನಡುಕ ಕಡಿಮೆಯಾಯಿತು! ಅಂದರೆ ಕೆಟ್ಟದ್ದು ಸೆನ್ಸರೇ, ಕೆಡಿಸಿದವನು ಅದನ್ನು ತೊಳೆದ ಈರಪ್ಪನೇ ಎಂದು ತೀರ್ಮಾನಿಸಿದೆ. ಮರುದಿನ ಕಿತ್ತೂರಿಗೆ ಹೋಗಿ, ಬೆಂಚಿನ ಮೇಲಿದ್ದವರ ಎದುರಿಗೇ, "ನನ್ನ ಹೆಂಡತಿ ಜೀವಾ ಹೋಗತಿತ್ತು. ಕೆಲಸ ಗೊತ್ತಿರದಿದ್ರ ಮುಟ್ಟಬಾರದಪಾ" ಎಂದು ಕೂಗಾಡಿದೆ. ಈರಪ್ಪ ಕೈಯನ್ನು ಅರಿವೆಯಿಂದ ನಿಧಾನಕ್ಕೆ ಒರೆಸಿಕೊಂಡ. "ಆತ್ರಿ ಡಾಕ್ಟರ್ರ. ಮುಂದ ಬ್ಯಾರೆ ಕಡೆ ತೋರಸ್ರಿ" ಎಂದವನೇ ಒಳಗೆ ಹೋದ.

ಎರಡು ತಿಂಗಳು ಮಾತಿಲ್ಲ. ಹುಬ್ಬಳ್ಳಿಯ ದೊಡ್ಡ ವರ್ಕ್‌ಶಾಪಿನಲ್ಲಿ ಕಂಪ್ಯೂಟರು ಹಚ್ಚಿ ನೋಡಿದರು. ಪ್ಲಗ್ಗು ಬದಲಾಯಿತು, ಕಾಯಿಲ್ ಬದಲಾಯಿತು, ಕೊನೆಗೆ ಸೆನ್ಸರೂ ಹೊಸದು ಬಂತು. ಮನೆಗೆ ತಂದು ಚಾಲೂ ಮಾಡಿದರೆ ಅದೇ ನಡುಕ. ಜ್ವರದ ಮೂಲ ಹುಡುಕದೆ ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ ಚುಚ್ಚಿದ ಹಾಗಾಯಿತು. ಸೆನ್ಸರು ಹೊಸದಾದರೂ ನಡುಕ ಹೋಗಲಿಲ್ಲವೆಂದರೆ ಈರಪ್ಪ ಕೆಡಿಸಿದ್ದಾದರೂ ಏನು?

ಅಂಗಳದಲ್ಲಿ ಬಾನೆಟ್ ಎತ್ತಿಕೊಂಡು ಪೆಚ್ಚಾಗಿ ನಿಂತಿದ್ದೆ. ಸುನಂದಾ ಮೂವತ್ತು ವರ್ಷ ಸಾಲಿಯಲ್ಲಿ ವಿಜ್ಞಾನ ಕಲಿಸಿದವಳು. ಕಟ್ಟೆಯ ಮೇಲೆ ಮೆಂತ್ಯೆ ಸೋಸುತ್ತ ಕೂತಿದ್ದಳು.

"ಅಲ್ರೀ, ಆ ತಂತಿ ತನ್ನ ಮುಂದ ಹಾದ ಗಾಳಿ ಅಷ್ಟ ಅಳೀತೈತಿ ಹೌದಲ್ಲ? ಅದನ್ನ ದಾಟಿದ ಮ್ಯಾಲ ಯಾವದರ ಸಂದಿಲೆ ಗಾಳಿ ಒಳಗ ಹೊಕ್ಕರ ಅದಕ್ಕ ಹೆಂಗ ತಿಳೀಬೇಕು?"

ಅವಳ ಮಾತು ಸರಿ. ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬಂದರೆ ಪೆಟ್ರೋಲ್ ಕಡಿಮೆ ಬೀಳುತ್ತದೆ. ಓಡುವಾಗ ಗಾಳಿಯ ರಾಶಿಯ ನಡುವೆ ಆ ಚೂರು ಗೊತ್ತಾಗುವುದಿಲ್ಲ. ನಿಂತಾಗ ಎಂಜಿನ್ ಎಳೆಯುವುದೇ ಚೂರು ಗಾಳಿ, ಆಗ ಕಳ್ಳಗಾಳಿಯೇ ದೊಡ್ಡದು. ಅವತ್ತು ವಯರು ಕಿತ್ತಾಗ ನಡುಕ ಇಳಿದದ್ದೂ ಅದಕ್ಕೇ: ಸೆನ್ಸರಿನ ತಪ್ಪು ಲೆಕ್ಕ ಸಿಗದೆ ಕಂಪ್ಯೂಟರು ಅಂದಾಜಿನ ಮೇಲೆ ಪೆಟ್ರೋಲ್ ಬಿಟ್ಟಿತ್ತು.

"ಸಂದಿ ಎಲ್ಲೈತಿ ಅಂತ ಹೆಂಗ ಹುಡುಕೂದು?" ಎಂದೆ.

"ಎಮ್ಮಿ ಹೊಟ್ಟಿಗೆ ಹಚ್ಚತಿದ್ರೆಲ್ಲಾ, ಅದನ್ನ ಹಚ್ಚರಿ" ಎಂದಳು, ನಗುತ್ತ.

ಅವಳು ಹೇಳಿದ್ದು ಚೇಷ್ಟೆಗೆ. ನಾನು ಮಾತ್ರ ಒಳಗೆ ಹೋಗಿ ಹಳೆಯ ಸ್ಟೆತೊಸ್ಕೋಪ್ ತಂದೆ. ಎಂಜಿನ್ ಚಾಲೂ ಮಾಡಿ, ತುದಿಯ ಬಿಲ್ಲೆ ಕಳಚಿ, ಬರೀ ನಳಿಕೆಯನ್ನು ರಬ್ಬರು ಕೊಳವೆಗಳ ಗುಂಟ ಒಯ್ದೆ. ಸೆನ್ಸರಿನಿಂದ ಎಂಜಿನ್ನಿಗೆ ಹೋಗುವ ದೊಡ್ಡ ಮಡಿಕೆ ಕೊಳವೆಯ ತಳಭಾಗದಲ್ಲಿ "ಸುಂಯ್" ಎಂದಿತು. ಕಣ್ಣಿಗೆ ಏನೂ ಕಾಣದು. ಬೆರಳಾಡಿಸಿದೆ, ಕೊಳವೆ ಬಿಗಿಯುವ ಕ್ಲಾಂಪಿನ ಪಕ್ಕದಲ್ಲಿ ಉಗುರುದ್ದದ ಸೀಳು. ಅದನ್ನು ಬೆರಳಿನಿಂದ ಅದುಮಿದ ಕೂಡಲೇ ನಡುಕ ನಿಂತಿತು. ಬೆರಳು ತೆಗೆದರೆ ನಡುಕ, ಅದುಮಿದರೆ ಶಾಂತ. ನಾಲ್ಕೈದು ಸಲ ಮಾಡಿ ನೋಡಿದೆ. ಎದೆಯ ಮೇಲಿನ ಚಪ್ಪಡಿ ಕಲ್ಲು ಯಾರೋ ಇಳಿಸಿದ ಹಾಗಾಯಿತು.

ಆದರೆ ಮರುಗಳಿಗೆಯಲ್ಲೇ ಇನ್ನೊಂದು ತಿಳಿಯಿತು. ಆ ಫಿಲ್ಟರ್ ಕೂಡಿಸಿದ ದಿನ ಅದೇ ಕೊಳವೆಯನ್ನು ತಿರುಚಿ ಎಳೆದವನು, ಕ್ಲಾಂಪನ್ನು ಮೈಯ ಬಲವೆಲ್ಲ ಹಾಕಿ ಬಿಗಿದವನು ನಾನೇ. ಅಟ್ಟದ ಮೇಲಿನ ಫಿಲ್ಟರಿನ ಸಮೇತ ಎಲ್ಲವನ್ನೂ ಸುನಂದಾಗೆ ಹೇಳಿದೆ. ಅವಳು ಬೈಯಲಿಲ್ಲ. "ಮೊದಲ ಈರಪ್ಪಣ್ಣನ ಕಡೆ ಹೋಗಿ ಬರ್ರಿ" ಎಂದಳು, ಅಷ್ಟೇ.

ಸೀಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿ ಕಿತ್ತೂರಿಗೆ ಹೋದೆ. ಬೆಂಚಿನ ಮೇಲೆ ಮೂವರು ಕೂತಿದ್ದರು, ಇಬ್ಬರು ನಾನು ಕೂಗಾಡಿದ ದಿನ ಇದ್ದವರೇ. ಒಳ್ಳೆಯದೇ ಆಯಿತೆಂದು ಅವರಿಗೂ ಕೇಳುವಂತೆ ಹೇಳಿದೆ: "ಈರಪ್ಪಾ, ಬಿಚ್ಚಿದವ ನಾನ. ಎಣ್ಣಿ ಫಿಲ್ಟರ್ ಹಾಕಿದವ ನಾನ, ಪೈಪ್ ಸೀಳಿದವ ನಾನ. ನಿನ್ನ ಮ್ಯಾಲ ಹಾಕಿದೆ. ತಪ್ಪಾತು."

ಈರಪ್ಪ ಸ್ಪ್ಯಾನರ್ ಕೆಳಗಿಟ್ಟ. "ಎಣ್ಣಿ ಫಿಲ್ಟರಿಂದು ನನಗ ಅವತ್ತ ತಿಳಿದಿತ್ರಿ."

"ಮತ್ತ ಯಾಕ ಅನ್ಲಿಲ್ಲ?"

"ನಾಕ ಮಂದಿ ಕುಂತಿದ್ರಲ್ರಿ" ಎಂದ.

ಆ ನಾಲ್ಕು ಮಂದಿಯ ಮುಂದೆ ಅವನು ನನ್ನ ಮಾನ ಕಾಯ್ದಿದ್ದ. ನಾನು ಅದೇ ಬೆಂಚಿನ ಮುಂದೆ ಅವನದನ್ನು ತೆಗೆದಿದ್ದೆ. ಬೆಂಚಿನ ಮೇಲಿದ್ದ ಒಬ್ಬರು ಗಂಟಲು ಸರಿಪಡಿಸಿಕೊಂಡು, "ನಿಮ್ಮ ಮಾತ ಕೇಳಿ ನಾ ನನ್ನ ಜೀಪ ಬ್ಯಾರೆ ಕಡೆ ಒಯ್ದಿದ್ದೆ ನೋಡ್ರಿ. ನಾಳೆ ಇಲ್ಲೇ ತರತೇನಿ ಈರಪ್ಪಣ್ಣಾ" ಎಂದರು.

"ಸೀಳು ನನಗೂ ಕಾಣಲಿಲ್ರಿ, ಅದು ನಂದ ತಪ್ಪು. ಹೆಂಗ ಹುಡುಕಿದ್ರಿ?" ಎಂದು ಈರಪ್ಪ ಕೇಳಿದ. ಸ್ಟೆತೊಸ್ಕೋಪ್ ಕೊಟ್ಟೆ. ಕಿವಿಗೆ ಸಿಕ್ಕಿಸಿಕೊಂಡು ನನ್ನ ಕಾರು, ಪಕ್ಕದ ಟ್ರ್ಯಾಕ್ಟರು, ಯಾರದೋ ಬೈಕು ಎಲ್ಲವನ್ನೂ ತಪಾಸಣೆ ಮಾಡಿದ. ವಾಪಸು ಕೊಡುವ ಲಕ್ಷಣ ಕಾಣಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಬಂದು, ಕಾರು ಹತ್ತಿದ್ದ ನನ್ನ ಪಕ್ಕದ ಸೀಟಿನಲ್ಲಿ ಮಂಡಿ ಮಡಚಿ ಕುಳಿತ. ಎಂಜಿನ್ ಸಣ್ಣಗೆ, ಒಂದೇ ಸಮ ಗುನುಗುತ್ತಿತ್ತು. ಕಪ್ಪಿನಲ್ಲಿ ಚಹಾ ತುಳುಕದಷ್ಟು ಶಾಂತ.

"ಬಂದ್ ಮಾಡ್ಲೇನು? ಸುಮ್ನ ಪೆಟ್ರೋಲ್ ಸುಡತೈತಿ" ಎಂದೆ.

"ಇರ್ಲಿ ಬಿಡ್ರಿ. ಇನ್ನೊಂದೀಟ ಕೇಳೂಣು."

ಎಲ್ಲಿಗೂ ಹೋಗದ ಕಾರಿನಲ್ಲಿ ಇಬ್ಬರೂ ಕೂತಿದ್ದೆವು. ಎರಡು ತಿಂಗಳ ಮಾತು ಹಾಗೇ ಉಳಿದಿತ್ತು; ಶುರು ಮಾಡುವ ಅವಸರ ಇಬ್ಬರಿಗೂ ಇರಲಿಲ್ಲ.