ಅಪ್ಪನ ಅಂಗೈ

ಕಾರಿನ ತಗ್ಗನ್ನು ಬಡಿದು ಸಮ ಮಾಡಿದ ಮೇಲೆ ಕಣ್ಣನ್ನು ನಂಬಬಾರದು. ಕಣ್ಣು ಮುಚ್ಚಿ, ಅದರ ಮೇಲೆ ಅಂಗೈ ಆಡಿಸಿ ನೋಡಬೇಕು. ತಾರ್ನಾಕದ ನನ್ನ ಡೆಂಟಿಂಗ್ ಶೆಡ್ಡಿನಲ್ಲಿ ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ.

ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿದ್ದ ಅಪ್ಪನಿಗೆ ಇದು ಹೇಳಿಕೊಳ್ಳುವಂಥ ಕೆಲಸವಾಗಿರಲಿಲ್ಲ. ಕಲಬುರಗಿಯ ನೆಂಟರು ವಿಚಾರಿಸಿದರೆ, "ಕಾರ್ ಕಂಪನಿಯಾಗ ಅದಾನ್ರಿ" ಎನ್ನುತ್ತಿದ್ದರು. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವರು ಮೊದಲ ಸಲ ಶೆಡ್ಡಿನೊಳಗೆ ಬಂದರು. ಮಾದಾಪುರದ ತೆಲುಗು ಗಿರಾಕಿಯೊಬ್ಬ ಎದುರಿಗೇ ಇದ್ದ. ಮನೆಯಲ್ಲಿ ನಾವು ಆಡುವುದು ಕನ್ನಡವೊಂದೇ. ಆದರೂ ನಾನು ಗುರುತಿಲ್ಲದವರನ್ನು ಕೇಳುವಂತೆ ತೆಲುಗಿನಲ್ಲಿ, "ಏಂ ಕಾವಾಲಿ ಸಾರ್?" ಎಂದೆ. ಏನು ಬೇಕು ಸಾರ್ ಎಂದು, ಸ್ವಂತ ಅಪ್ಪನಿಗೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಏನೂ ಬೇಡ, ಸುಮ್ಮನೆ ಬಂದೆ ಎಂದು ತೆಲುಗಿನಲ್ಲೇ ಹೇಳಿದರು. ಹೊರಡುವ ಮುಂಚೆ, ನಾನು ಆಗಷ್ಟೇ ಮುಗಿಸಿದ್ದ ಕಾರಿನ ಬಾಗಿಲ ಮುಂದೆ ನಿಂತು, ಕಣ್ಣು ಮುಚ್ಚಿ, ಅಂಗೈ ಆಡಿಸಿದರು. ಥೇಟ್ ನನ್ನ ಹಾಗೆ. ಎಲ್ಲಿ ಕಲಿತಿರಿ ಎಂದು ನಾನು ಕೇಳಲಿಲ್ಲ.

ಮನೆಯಲ್ಲಿ ಇಬ್ಬರೂ ಆ ಮಾತು ಎತ್ತಲೇ ಇಲ್ಲ. ಅವರು ತೀರಿಕೊಂಡು, ನಾನು ಮತ್ತೆ ಶೆಡ್ಡು ತೆರೆದ ದಿನ, ಎದುರಿನ ಚಹಾದಂಗಡಿಯವನು ಕೇಳಿದ: ದಿನಾ ನಮ್ಮ ಅಂಗಡಿಯೊಳಗೆ ಕೂತು ನಿಮ್ಮ ಕೆಲಸ ನೋಡುತ್ತಿದ್ದ ಆ ಹಿರಿಯರು ಈಗ ಬರುತ್ತಿಲ್ಲವಲ್ಲ, ಅವರು ನಿಮಗೆ ಗೊತ್ತಾ?