ಹದಿನಾಲ್ಕು ವಕೀಲರ ಕಾಗದ ಮತ್ತು ನನ್ನ ನಾದಿನಿ

ನನ್ನ ನಾದಿನಿಯನ್ನು ಎಲ್ಲರೂ ಟಕಟಕ ಎಂದೇ ಕರೆಯುತ್ತಾರೆ. ಕೋರ್ಟಿನ ಎದುರು ಇಪ್ಪತ್ತೆರಡು ವರ್ಷ ಟೈಪು ಮಾಡಿದವಳು. ಮಾತೂ ಹಾಗೆಯೇ, ನಿಲ್ಲುವುದಿಲ್ಲ. ಮದುವೆ ಬೇಡ ಎಂದಳು, ಆಗಲಿಲ್ಲ. ಕಂಪ್ಯೂಟರ್ ಬಂದಾಗ ಉಳಿದ ಟೈಪಿನವರು ಅಂಗಡಿ ಮುಚ್ಚಿದರು. ಇವಳು ಒಂದು ತಿಂಗಳಲ್ಲಿ ಕಲಿತಳು. ನನಗೂ ಅವಳಿಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಆದರೂ ಬರೆಯುತ್ತೇನೆ, ಅವಳು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನದಿ ಊರೊಳಗೆ ನುಗ್ಗಿದ ದಿನವೇ ನನ್ನ ಯಜಮಾನರು ಹೋದರು. ಅವರು ಟಕಟಕಳ ಅಣ್ಣ, ಹಿರಿಯ ವಕೀಲರೊಬ್ಬರ ಗುಮಾಸ್ತರು. ಫೈಲುಗಳನ್ನು ಮಹಡಿಗೆ ಹೊರುತ್ತ ಮೆಟ್ಟಿಲ ಮೇಲೆ ಕೂತರು. ಮತ್ತೆ ಏಳಲಿಲ್ಲ. ಅದನ್ನು ಹೆಚ್ಚು ಬರೆಯಲಾರೆ.

ನೀರು ಇಳಿದ ಮೇಲೆ ವಕೀಲರ ಬೀದಿಯ ಹದಿನಾಲ್ಕು ಮಂದಿಗೂ ಒಂದೇ ಬುದ್ಧಿ ಹೊಳೆಯಿತು. ಫೈಲುಗಳ ದಾರ ಬಿಚ್ಚಿ, ಒದ್ದೆ ಹಾಳೆಗಳನ್ನು ಒಂದೇ ತಾರಸಿಯ ಮೇಲೆ ಹರವಿದರು. ತಂತಮ್ಮ ಜಾಗಕ್ಕೆ ಕಲ್ಲಿಟ್ಟು ಗಡಿ ಬೇರೆ ಮಾಡಿಕೊಂಡಿದ್ದರಂತೆ, ವಕೀಲರಲ್ಲವೇ. ಮಧ್ಯಾಹ್ನ ಗಾಳಿ ಬೀಸಿತು. ಗಾಳಿಗೆ ಯಾವ ಗಡಿ? ಕೇಸಿನ ನಂಬರು ಇರುವುದು ಮೊದಲ ಹಾಳೆಯಲ್ಲಿ ಮಾತ್ರ. ಉಳಿದ ಹಾಳೆ ಯಾರದು ಎಂದು ಹೇಳುವವರಿಲ್ಲ.

ಮರುದಿನ, ಶುಕ್ರವಾರ, ಟಕಟಕ ಆ ರಾಶಿಯನ್ನೆಲ್ಲ ಒಂಬತ್ತು ಚೀಲಗಳಲ್ಲಿ ತುಂಬಿಸಿ ನನ್ನ ಬಾಗಿಲಿಗೆ ತಂದಳು. ನಮ್ಮದು ಎರಡನೇ ಮಹಡಿ, ನೀರು ಹತ್ತಿರಲಿಲ್ಲ.

"ಆ ಕಾಗದ ನನ್ನ ಮನೆಗೆ ಬೇಡ ಕಣೇ. ನಿಮ್ಮಣ್ಣನ್ನ ತಿಂದಿದ್ದು ಅವೇ."

"ಗೊತ್ತು ಅತ್ತಿಗೆ. ಬಯ್ಯೋದಿದ್ರೆ ಬಯ್ತಾ ಇರಿ. ಹಾಗೇ ಆ ಮಂಚ ಒಂಚೂರು ಸರಿಸಿ."

ಅವಳ ಹಿಂದೆ ಒಬ್ಬ ದರ್ಜಿ ಹೆಂಗಸು ನಿಂತಿದ್ದಳು. ಹತ್ತು ವರ್ಷ ಮನೆ ಬಿಡಿಸುವುದಿಲ್ಲ ಎಂದು ಮಾಲೀಕ ಸಹಿ ಹಾಕಿದ ಕರಾರುಪತ್ರವನ್ನು ಅವಳು ನಮ್ಮವರ ಆ ಹಿರಿಯ ವಕೀಲರಿಗೆ ಕೊಟ್ಟಿದ್ದಳು. ಬೇರೆ ಪ್ರತಿ ಇಲ್ಲ. ಮುಂದಿನ ಗುರುವಾರ ಅದನ್ನು ಕೋರ್ಟಿಗೆ ತೋರಿಸದಿದ್ದರೆ ಅವಳೂ ಹೊಲಿಗೆ ಯಂತ್ರವೂ ಬೀದಿಗೆ. ನಾನು ಮಂಚ ಸರಿಸಿದೆ.

ಟಕಟಕ ಒಂದು ಕೋಲಿಗೆ ಫೋನು ಕಟ್ಟಿ ಕೆಳಮುಖ ಮಾಡಿದಳು. ಒಂದೊಂದು ಹಾಳೆಯನ್ನೂ ಅದರಡಿ ಇಟ್ಟು ಫೋಟೊ ಹಿಡಿದಳು, ಬೆನ್ನಿಗೆ ಪೆನ್ಸಿಲಿನಲ್ಲಿ ನಂಬರು ಬರೆದಳು. ಫೋಟೊದಲ್ಲಿರುವ ಅಕ್ಷರವನ್ನು ಕಂಪ್ಯೂಟರು ಓದಿಕೊಳ್ಳುತ್ತದಂತೆ. ಆಮೇಲೆ ಹೆಸರು ಹೊಡೆದರೆ ಆ ಹೆಸರಿನ ಹಾಳೆ ಎದ್ದು ಬರುತ್ತದೆ.

ಹಿರಿಯ ವಕೀಲರು ನೋಡಲು ಬಂದರು. ವಕೀಲಿ ಸಾಕು, ಬೋರ್ಡು ಇಳಿಸಿ ಮನೆಯಲ್ಲಿ ಕೂರುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

"ಏನಮ್ಮ, ನನ್ನ ನಲವತ್ತು ವರ್ಷದ ವಕಾಲತ್ತು ಈ ಡಬ್ಬಿಯೊಳಗೆ ಹಿಡಿಸುತ್ತಾ?"

"ನೀವು ಗೆದ್ದಿದ್ದು ಮಾತ್ರ ಹಾಕಿದ್ರೆ ಇನ್ನೂ ಜಾಗ ಉಳಿಯುತ್ತೆ ಸಾರ್."

ಅವರು ನಕ್ಕರು. ನಕ್ಕು ಕುರ್ಚಿ ಎಳೆದುಕೊಂಡು ಕೂತರು.

ಸೋಮವಾರದ ಹೊತ್ತಿಗೆ ಒಂದೂವರೆ ಚೀಲ ಮುಗಿದಿತ್ತು. ಹೀಗಾದರೆ ಗುರುವಾರಕ್ಕೆ ಆಗುವ ಮಾತಲ್ಲ. ನಾನು ಹಾಳೆ ಬಿಡಿಸಿಕೊಡುತ್ತ ಕೂತಿದ್ದೆ. ಒಂದು ಹಾಳೆಯ ಎಡಮೂಲೆಯಲ್ಲಿ ಒಂದೇ ಒಂದು ಸಣ್ಣ ತೂತು. ದಾರ ಪೋಣಿಸಲು ಉಳಿದ ಗುಮಾಸ್ತರು ಯಂತ್ರದಲ್ಲಿ ಎರಡು ದುಂಡು ತೂತು ಹೊಡೆಯುತ್ತಾರೆ. ನಮ್ಮವರು ಮಾತ್ರ ಗೋಣಿ ಹೊಲಿಯುವ ದಬ್ಬಳದಲ್ಲಿ ಚುಚ್ಚುತ್ತಿದ್ದರು.

"ಇದು ನಮ್ಮವರ ತೂತು," ಎಂದೆ.

ಟಕಟಕ ಹಾಳೆಯನ್ನು ಬೆಳಕಿಗೆ ಹಿಡಿದಳು. "ಈ ದಬ್ಬಳಕ್ಕೆ ಅಣ್ಣನ್ನ ಎಷ್ಟು ಆಡಿಕೊಂಡಿದ್ದೆ ಅತ್ತಿಗೆ," ಎಂದಳು.

ಎರಡು ತೂತಿನವನ್ನೆಲ್ಲ ಪಕ್ಕಕ್ಕೆ ಹಾಕಿದೆ. ಓದು ಬೇಕಿಲ್ಲದ ಕೆಲಸ. ಬುಧವಾರ ಬೆಳಿಗ್ಗೆಗೆ ಉಳಿದದ್ದು ಒಂದು ಚೀಲ. ಟಕಟಕ ಊಟಕ್ಕೂ ಏಳದೆ ಅಷ್ಟನ್ನೂ ಫೋಟೊ ಹಿಡಿದು, ಸಂಜೆಗೆ ದರ್ಜಿಯ ಹೆಸರು ಹೊಡೆದಳು. ನಾಲ್ಕು ಹಾಳೆ ಬಂದವು. ಕರಾರು ಇಲ್ಲ. ಮಾಲೀಕನ ಹೆಸರು ಹೊಡೆದಳು. ಅವೇ ನಾಲ್ಕು. ದರ್ಜಿ ಗೋಡೆಗೆ ಒರಗಿದಳು. ಟಕಟಕ ಕುರ್ಚಿಯಲ್ಲಿದ್ದ ವಕೀಲರ ಕಡೆ ತಿರುಗಿದಳು.

"ಸಾರ್, ಆ ಕರಾರು ಟೈಪು ಮಾಡಿದ್ದಾ, ಕೈಯಲ್ಲಿ ಬರೆದಿದ್ದಾ?"

"ಕೈಯಲ್ಲೇ ಬರೆದಿದ್ದು."

"ಮೊದಲೇ ಹೇಳೋದಲ್ವಾ. ನನ್ನ ಡಬ್ಬಿಗೆ ಕೈಬರಹ ಬರಲ್ಲ."

ಕಂಪ್ಯೂಟರಿಗೆ ಓದಲಾಗದ ಹಾಳೆಗಳ ಫೋಟೊಗಳನ್ನೆಲ್ಲ ಅವಳು ಅದರ ಕೈಯಲ್ಲೇ ಬೇರೆ ಮಾಡಿಸಿದಳು. ಅರವತ್ತೊಂದು. ವಕೀಲರು ಪರದೆಯ ಮೇಲೆ ಒಂದೊಂದಾಗಿ ನೋಡಿದರು. ಮೂವತ್ತೆಂಟನೆಯದರಲ್ಲಿ ಕೈ ನಿಂತಿತು. ಅದರ ನಂಬರು ಹಿಡಿದು ಮೂಲ ಹಾಳೆ ಹುಡುಕಿದೆವು. ಶಾಯಿ ಹರಡಿತ್ತು, ಸಹಿ ಉಳಿದಿತ್ತು.

ಗುರುವಾರ ಕೋರ್ಟಿಗೆ ನಾನೂ ಹೋದೆ. ಯಜಮಾನರು ಹೋದ ಮೇಲೆ ಮೊದಲ ಸಲ ಹೊಸ್ತಿಲು ದಾಟಿದ್ದು. ಹಿರಿಯ ವಕೀಲರು ಹಾಳೆಯನ್ನು ಮುಂದಿಟ್ಟರು. ಕರಾರು ಮುಗಿಯುವವರೆಗೆ ಮನೆ ಬಿಡಿಸಬಾರದು ಎಂದು ಆದೇಶವಾಯಿತು. ಹೊರಗೆ ಉಳಿದ ಹದಿಮೂರು ಮಂದಿ ಟಕಟಕಳನ್ನು ಮುತ್ತಿಕೊಂಡು, ಮೊದಲು ನಂದು, ಮೊದಲು ನಂದು ಎನ್ನುತ್ತಿದ್ದರು. ಹಿರಿಯ ವಕೀಲರು ತಮ್ಮ ಫೋನು ಅವಳ ಕೈಗಿಟ್ಟು, ಹಾಳೆ ಹುಡುಕುವುದನ್ನು ನನಗೂ ಕಲಿಸು ಎಂದರು. ಬೋರ್ಡಿನ ಮಾತು ಮತ್ತೆ ಎತ್ತಲಿಲ್ಲ.

ದರ್ಜಿ ನನ್ನ ಕೈ ಹಿಡಿದುಕೊಂಡಳು.

"ಹೋಗಿ ಕಸ ಗುಡಿಸ್ತೀನಿ ಅಕ್ಕ," ಎಂದಳು. "ಹೇಗೂ ಬಿಡೋ ಮನೆ ಅಂತ ಒಂದು ವಾರದಿಂದ ಪೊರಕೆ ಮುಟ್ಟಿರಲಿಲ್ಲ."