ಒಣಹುಲ್ಲಿನಲ್ಲಿ ಹಸಿರು ಸೈನ್ಯ

ಏರ್‌ಸಾಫ್ಟ್ ಆಟವನ್ನು ನಮ್ಮ ಮನೆಗೆ ತಂದವಳು ನಾನೇ. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ನಮ್ಮ ಆಫೀಸಿನವರು ಒಮ್ಮೆ ಟೇಲರ್ ಊರಿನ ಆಚೆಯ ಒಂದು ಮೈದಾನಕ್ಕೆ ಕರೆದೊಯ್ದಿದ್ದರು. ನಿಜವಾದ ಬಂದೂಕಿನಂತೆಯೇ ಕಾಣುವ ಆಟದ ಬಂದೂಕಿನಿಂದ ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸಿ ಎದುರು ತಂಡದವರನ್ನು ಔಟ್ ಮಾಡುವ ಆಟ ಅದು. ಗುಂಡು ತಾಗಿದವರು ತಾವೇ ಕೈಯೆತ್ತಿ ಒಪ್ಪಿಕೊಂಡು ಹೊರಗೆ ನಡೆಯಬೇಕು. ಅಂಪೈರ್ ಇಲ್ಲ. ಬಾಡಿಗೆಯ ಕನ್ನಡಕ, ಬಾಡಿಗೆಯ ಬಂದೂಕು, ಮೈಮೇಲೆ ಹಳೇ ಅಂಗಿ. ನನಗೆ ಬಹಳ ಹಿಡಿಸಿತು. ನಾನು ಎರಡು ಸಲ ಹೋಗಿ ಬಂದ ಮೇಲೆ ನನ್ನ ಗಂಡ ಈ ಸಂಗತಿಯನ್ನು ತನ್ನ ಕಾಲೇಜಿನ ಸೀನಿಯರ್‌ಗೆ ಫೋನಿನಲ್ಲಿ ಹೇಳಿದ. ಆಟ ಕೆಟ್ಟದ್ದು ಅಲ್ಲಿಂದ.

ಸೀನಿಯರ್ ಇರುವುದು ಹ್ಯೂಸ್ಟನ್ನಿನ ಉತ್ತರಕ್ಕೆ, ದ ವುಡ್‌ಲ್ಯಾಂಡ್ಸ್‌ನಲ್ಲಿ. ದೊಡ್ಡ ಹುದ್ದೆ, ದೊಡ್ಡ ಮನೆ, ಮನೆಯ ಹಿಂದೆ ಪೈನ್ ಮರಗಳು. ಬೆಂಗಳೂರಿನಲ್ಲಿ ಓದುವಾಗ ಹಾಸ್ಟೆಲ್ಲಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳುತ್ತಿದ್ದವರಂತೆ. ಮೈದಾನವನ್ನು ಕಣ್ಣಿನಿಂದ ನೋಡುವ ಮೊದಲೇ ಅವರು ತಂಡದ ನಾಯಕರಾದರು. ಡಲ್ಲಾಸ್‌ನಲ್ಲಿರುವ ಇನ್ನೊಬ್ಬ ಸ್ನೇಹಿತನೂ ಸೇರಿಕೊಂಡ. ನಾಲ್ಕು ಜನರ ಸೈನ್ಯ. ಸೈನ್ಯಕ್ಕೆ ಮೊದಲು ಬೇಕಾದದ್ದು ಅಭ್ಯಾಸವಲ್ಲ, ಸಮವಸ್ತ್ರ ಎಂದು ನಾಯಕರು ತೀರ್ಮಾನಿಸಿದರು.

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್. ಮಿಲಿಟರಿ ಉಡುಪಿನ ಮೇಲೆ ಇರುತ್ತದಲ್ಲ, ಗಿಡಮರಗಳ ನಡುವೆ ಮರೆಯಾಗಲೆಂದು ಬಳಿದ ಆ ಮಚ್ಚೆ ಮಚ್ಚೆ ಚಿತ್ತಾರ, ಅದರಲ್ಲಿ ಎಷ್ಟು ಬಗೆ ಇವೆಯೆಂದು ನನಗೆ ಆಗಲೇ ಗೊತ್ತಾದದ್ದು. ಕಾಡಿಗೊಂದು, ಮರಳಿಗೊಂದು, ಹಿಮಕ್ಕೊಂದು. ಡಲ್ಲಾಸ್‌ನವನಿಗೆ ಬೂದು ಬಣ್ಣದ ಸಣ್ಣ ಚೌಕಗಳ ಬಟ್ಟೆಯೇ ಬೇಕಿತ್ತು, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ನಾಯಕರಿಗೆ ದಟ್ಟ ಹಸಿರು. ಅದನ್ನು ತೊಟ್ಟು ತಮ್ಮ ಹಿತ್ತಲಿನ ಪೈನ್ ಮರಗಳ ನಡುವೆ ನಿಂತು, ಹೆಂಡತಿಯಿಂದ ಫೋಟೋ ತೆಗೆಸಿ, ‘ನನ್ನನ್ನು ಹುಡುಕಿ ನೋಡೋಣ’ ಎಂದು ಗ್ರೂಪಿಗೆ ಹಾಕಿದರು. ಹುಡುಕುವ ಕಷ್ಟವೇನೂ ಇರಲಿಲ್ಲ. ಗುಂಡಿಗಳ ನಡುವೆ ಬಿಳಿ ಬನಿಯನ್ ಇಣುಕುತ್ತಿತ್ತು. ನನ್ನ ಗಂಡ ಮಾತ್ರ ‘ಸೂಪರ್ ಸರ್, ಕಾಣ್ತಾನೇ ಇಲ್ಲ’ ಎಂದು ಉತ್ತರ ಬರೆದ.

ಆ ಮೈದಾನದಲ್ಲಿ ಆಡಿದ್ದವಳು ನಾನೊಬ್ಬಳೇ. ಬೇಸಿಗೆಯಲ್ಲಿ ಅಲ್ಲಿ ಹಸಿರೆಂಬುದೇ ಇರುವುದಿಲ್ಲ, ಒಣಗಿದ ಹುಲ್ಲು, ಬಿರುಕು ಬಿಟ್ಟ ಕಪ್ಪು ನೆಲ, ಅಲ್ಲೊಂದು ಇಲ್ಲೊಂದು ಗಿಡ ಎಂದು ಹೇಳಿದೆ. ಒಂದು ಶನಿವಾರ ಹೋಗಿ ಹುಲ್ಲಿನ ಫೋಟೋವನ್ನೂ ತೆಗೆದು ಕಳಿಸಿದೆ. ನಾಯಕರು ಅದಕ್ಕೊಂದು ಹೆಬ್ಬೆರಳು ತೋರಿಸಿ ಎಲ್ಲರಿಗೂ ಹಸಿರನ್ನೇ ಆರ್ಡರ್ ಮಾಡಿದರು. ಕೇಳಿದ್ದಕ್ಕೆ, ಬಣ್ಣ ಮುಖ್ಯವಲ್ಲ, ಮೈಯ ಆಕಾರ ಗುರುತು ಸಿಗದಂತೆ ಒಡೆಯುವುದು ಮುಖ್ಯ, ಅದೆಲ್ಲ ನಿಮಗೆ ಹೇಳಿದರೆ ಅರ್ಥವಾಗುವುದಿಲ್ಲ ಎಂದರು. ಹೆಂಗಸರ ಅಳತೆ ಸಿಗಲಿಲ್ಲವೆಂದು ನನಗೆ ಬಂದದ್ದು ಗಂಡಸರ ಅಂಗಿ. ತೋಳು ಬೆರಳು ದಾಟಿ ಜೋತಾಡುತ್ತಿತ್ತು. ಮಡಚಿಕೊಂಡು ಹಾಕಿದೆ.

ಆಟದ ದಿನ ಮೂರು ಊರುಗಳಿಂದ ಮೂರು ಕಾರು ಬಂದವು. ನಾಯಕರು ಮುಖಕ್ಕೂ ಹಸಿರು ಬಳಿದುಕೊಂಡಿದ್ದರು. ಮೈದಾನದ ಮೇಲ್ವಿಚಾರಕಿ ಬಂದು ನಮ್ಮೆಲ್ಲರ ತೋಳಿಗೆ ಢಾಳಾದ ಕಿತ್ತಳೆ ಪಟ್ಟಿ ಕಟ್ಟಿದಳು. ಯಾರು ಯಾವ ತಂಡವೆಂದು ದೂರದಿಂದ ತಿಳಿಯಬೇಕಲ್ಲ. ಅದನ್ನು ತೋಳಿನ ಒಳಗೆ ಕಟ್ಟಿಕೊಳ್ಳಬಹುದೇ ಎಂದು ನಾಯಕರು ವಿನಯದಿಂದ ಕೇಳಿದರು. ಆಗದು ಎಂದಳು. ಎಷ್ಟೋ ಭಾನುವಾರಗಳನ್ನು ಮರೆಯಾಗುವ ವಿದ್ಯೆಗೆ ಸುರಿದ ಮನುಷ್ಯ ಕಿತ್ತಳೆ ಪಟ್ಟಿ ಕಟ್ಟಿಸಿಕೊಂಡು ನಿಂತದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಎದುರು ತಂಡದಲ್ಲಿದ್ದವರು ಜೀನ್ಸ್, ಮಾಸಿದ ಟೀ ಶರ್ಟ್ ತೊಟ್ಟ ಕಾಲೇಜು ಹುಡುಗ ಹುಡುಗಿಯರು. ನಾಯಕರು ಒಣಹುಲ್ಲಿನ ನಡುವೆ ಬೋರಲಾಗಿ ಮಲಗಿದರು. ಗೋದಿಯ ರಾಶಿಯ ಮೇಲೆ ಹಾಗಲಕಾಯಿ ಇಟ್ಟಂತೆ ಕಾಣುತ್ತಿದ್ದರು. ಒಬ್ಬ ಹುಡುಗಿ ಮರೆಗೆಂದು ಇಟ್ಟಿದ್ದ ಡ್ರಮ್ಮಿನ ಹಿಂದಿನಿಂದ ಹೊಡೆದಳು. ಬೆನ್ನಿಗೆ ತಾಗಿದ ಸದ್ದು ನನಗೇ ಕೇಳಿಸಿತು. ನಾಯಕರು ಕೈಯೆತ್ತಲಿಲ್ಲ. ಅವಳು ಮತ್ತೆ ಹೊಡೆದಳು. ಅಲ್ಲಾಡಲಿಲ್ಲ. ಬಿಸಿಲಿಗೆ ತಲೆ ಸುತ್ತಿ ಬಿದ್ದಿದ್ದಾರೆಂದು ಹೆದರಿದ ಆ ಹುಡುಗಿ, ಬಂದೂಕು ಕೆಳಗಿಟ್ಟು ಹತ್ತಿರ ಬಂದು, ನೀರು ಬೇಕೇ ಎಂದು ಕೇಳಿದಳು. ಗುಂಡು ಸೊಂಟದ ಬ್ಯಾಗಿಗೆ ತಾಗಿತು, ಮೈಗಲ್ಲ ಎಂದರು ನಾಯಕರು. ಹಾಗೆ ಹೇಳುವಾಗ ಅವಳ ಮುಖ ನೋಡಲಿಲ್ಲ.

ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೆಂದು ಮಾತಾಗಿತ್ತು. ದಾರಿಯಲ್ಲಿ ಐಸ್ ಕೊಳ್ಳಲು ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತೆವು. ನಾನು ಹಸಿರು ಅಂಗಿಯನ್ನು ಕಾರಿನಲ್ಲೇ ತೆಗೆದೆಸೆದಿದ್ದೆ. ನಾಯಕರು ಮಾತ್ರ ಪೂರ್ತಿ ವೇಷದಲ್ಲಿ, ಮುಖವನ್ನಷ್ಟೇ ಒರೆಸಿಕೊಂಡು ಅಂಗಡಿಯೊಳಗೆ ಬಂದರು. ಕಾಫಿ ಮಷೀನಿನ ಬಳಿ ಊರುಗೋಲು ಹಿಡಿದ ಒಬ್ಬ ಮುದುಕರಿದ್ದರು. ಅವರ ಟೋಪಿಯ ಮೇಲೆ ಯಾವುದೋ ಹಳೆಯ ದಳದ ಗುರುತು. ನಾಯಕರನ್ನು ಕಂಡದ್ದೇ ಅವರು ಊರುಗೋಲನ್ನು ಎಡಗೈಗೆ ಬದಲಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬಲಗೈ ಚಾಚಿ, ದೇಶಕ್ಕಾಗಿ ನೀವು ಮಾಡುತ್ತಿರುವ ಸೇವೆಗೆ ಧನ್ಯವಾದ ಎಂದರು.

ನಾಯಕರು ಆ ಕೈಯನ್ನು ಹಿಡಿದುಕೊಂಡರು. ದನಿ ತಗ್ಗಿಸಿ, ಅದು ನನ್ನ ಭಾಗ್ಯ ಸರ್ ಎಂದರು. ಮುದುಕರು ಎಲ್ಲಿ ಸೇವೆ ಮಾಡಿದಿರಿ ಎಂದು ಕೇಳಿದರು.

“ಓವರ್‌ಸೀಸ್,” ಎಂದರು ನಾಯಕರು, ಕಡಲಾಚೆ ಯುದ್ಧ ಮಾಡಿ ಬಂದವರ ಹಾಗೆ.

ನನ್ನ ಕಾಕಾ ಬೆಳಗಾವಿಯಿಂದ ಸೈನ್ಯಕ್ಕೆ ಸೇರಿ ಗಡಿಯಲ್ಲಿದ್ದವರು. ರಜೆಗೆ ಬಂದರೆ ಬಾಗಿಲಲ್ಲಿ ಕಾಲು ತೊಳೆದು, ಮೊದಲು ಸಮವಸ್ತ್ರ ಕಳಚಿ ಧೋತರ ಉಟ್ಟು, ಆಮೇಲೆಯೇ ನಮ್ಮನ್ನು ಎತ್ತಿಕೊಳ್ಳುತ್ತಿದ್ದರು. ಅದನ್ನು ಹಾಕಿಕೊಂಡು ಪೇಟೆಗೆ ಬನ್ನಿ ಎಂದು ನಾವು ಮಕ್ಕಳು ಗೋಗರೆದರೂ ಬರುತ್ತಿರಲಿಲ್ಲ. ಜೊತೆಗಿದ್ದವನೊಬ್ಬ ಅದೇ ಬಟ್ಟೆಯಲ್ಲಿ ಸತ್ತದ್ದನ್ನು ಅವರು ಕಂಡಿದ್ದರೆಂದು ಎಷ್ಟೋ ವರ್ಷದ ಮೇಲೆ ಅವರ ಹೆಂಡತಿ, ನಮ್ಮ ಕಾಕೂ, ಹೇಳಿದ್ದಳು.

ನಾನು ಮುದುಕರಿಗೆ, ಸರ್, ಇವರು ಸೈನಿಕರಲ್ಲ, ನಾವು ಆಟ ಆಡಿಕೊಂಡು ಬರುತ್ತಿದ್ದೇವೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಅವರು ನಾಯಕರ ತೋಳನ್ನು ನೋಡಿದರು. ಕಿತ್ತಳೆ ಪಟ್ಟಿ ಅಲ್ಲೇ ಇತ್ತು. ಬೈಯಲಿಲ್ಲ. ಕೈಯನ್ನು ನಿಧಾನವಾಗಿ ಬಿಡಿಸಿಕೊಂಡು, ಇಂಥ ಬಿಸಿಲಿನಲ್ಲಿ ಆಟವೇ ಎಂದು ನನ್ನತ್ತ ತಿರುಗಿ ಹೇಳಿ, ಕಾಫಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಹೊರಗೆ ಬಂದ ಮೇಲೆ ನಾಯಕರ ಮುಖ ಕೆಂಪಾಗಿತ್ತು. “ಆ ವಯಸ್ಸಾದವರು ಎಷ್ಟು ಖುಷಿಯಾಗಿದ್ರು. ಯಾಕ್ ಹಾಳ್ ಮಾಡಿದ್ರಿ ಅದನ್ನ?”

“ಅವರು ಕೈ ಕೊಟ್ಟಿದ್ದು ನಿಮಗಲ್ಲರಿ,” ಎಂದೆ. “ಅದು ಬ್ಯಾರೇದವರಿಗೆ ಸೇರಬೇಕಾದ್ದು. ನೀವು ಸುಮ್ನ ಇಸ್ಕೊಂಡ್ರಿ.”

ಅವರು ಊಟಕ್ಕೆ ಬರಲಿಲ್ಲ, ನೇರ ಹ್ಯೂಸ್ಟನ್ನಿಗೆ ಹೋದರು. ಡಲ್ಲಾಸ್‌ನವನು ಬಂದ. ರೊಟ್ಟಿ, ಎಣ್ಣೆಗಾಯಿ ಎರಡೆರಡು ಸಲ ಹಾಕಿಸಿಕೊಂಡ. ಹೊರಡುವಾಗ ಶೂ ಕಟ್ಟಿಕೊಳ್ಳುತ್ತ, ಬೂದು ಬಣ್ಣ ತಗೊಂಡಿದ್ದರೆ ಗೆಲ್ಲುತ್ತಿದ್ದೆವು ಎಂದ. ಅವನ ಮಟ್ಟಿಗೆ ಆ ದಿನ ಕಲಿಸಿದ ಪಾಠ ಅಷ್ಟೇ. ಬಾಗಿಲು ಹಾಕಿಕೊಂಡ ಮೇಲೆ ನನ್ನ ಗಂಡ, ಸೀನಿಯರ್ ಅಲ್ವಾ, ಎಲ್ಲರ ಮುಂದೆ ಹೇಳಬೇಕಿತ್ತಾ ಎಂದು ಸಿಡುಕಿದ. ಆ ವಾರವೆಲ್ಲ ನಮ್ಮಿಬ್ಬರ ನಡುವೆ ಮಾತು ಕಡಿಮೆಯಿತ್ತು.

ಕೆಲವು ತಿಂಗಳ ನಂತರ ಆಸ್ಟಿನ್‌ನ ದೀಪಾವಳಿ ಊಟದಲ್ಲಿ ನಾಯಕರು ಸಿಕ್ಕರು. ಸುತ್ತ ಜನ ಸೇರಿಸಿಕೊಂಡು, ಈ ದೇಶದವರು ಸೈನಿಕರಿಗೆ ಕೊಡುವ ಗೌರವ ಎಂಥದ್ದು ಎಂಬ ವಿಷಯ ತೆಗೆದಿದ್ದರು. ಅವರು ಹೇಳುವಂತೆ ಮುದುಕರು ಬಂದರು, ಕೈಕುಲುಕಿದರು, ಕಣ್ಣಲ್ಲಿ ನೀರು ಕೂಡ ಬಂತು. ನಾನು ಆ ಕಥೆಯಲ್ಲಿ ಇರಲೇ ಇಲ್ಲ. ತಟ್ಟೆ ಹಿಡಿದು ದೂರ ಸರಿಯುತ್ತಿದ್ದಾಗ ನನ್ನ ಗಂಡನ ದನಿ ಕೇಳಿಸಿತು.

“ಓವರ್‌ಸೀಸ್ ಅಂದ್ರಲ್ಲ ಸರ್, ಅದನ್ನೂ ಹೇಳಿ.”

ಸುತ್ತ ಸೇರಿದ್ದ ಯಾರಿಗೂ ಅರ್ಥವಾಗಲಿಲ್ಲ, ಒಬ್ಬರನ್ನು ಬಿಟ್ಟು. ನಾಯಕರು ಮೊಸರನ್ನ ಎಲ್ಲಿದೆ ಎಂದು ಕೇಳುತ್ತ ಎದ್ದು ಹೋದರು. ನನ್ನ ಗಂಡ ನನ್ನ ಕಡೆ ನೋಡಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. ನಾನು ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ತಟ್ಟೆಯ ಹೋಳಿಗೆಯಲ್ಲಿ ಅರ್ಧ ಮುರಿದು ಅವನಿಗೆ ಹಾಕಿದೆ.

ಈಗ ನಾಯಕರಿಗೆ ಮೀನು ಹಿಡಿಯುವ ಹುಚ್ಚು ಹತ್ತಿದೆಯಂತೆ. ಯಾವ ಬಣ್ಣದ ಟೋಪಿ ಹಾಕಿದರೆ ಮೀನಿಗೆ ಕಾಣುವುದಿಲ್ಲ ಎಂಬ ಚರ್ಚೆ ಗ್ರೂಪಿನಲ್ಲಿ ನಡೆಯುತ್ತಿದೆ ಎಂದು ಕಿವಿಗೆ ಬಿತ್ತು. ನಾನು ಆ ಗ್ರೂಪಿನಿಂದ ಹೊರಬಿದ್ದು ಬಹಳ ದಿನವಾಯಿತು.